ಕುಂಚ ಆ ತುದಿ ಮುಟ್ಟುವವರೆಗೆ

ಮೊನ್ನೆ ಮಗಳು ಹೊಸ ಕಂಬಳಿ ತಂದು ಹೊದಿಸಿದಳು. ಹುಣಸೆಬೀಜದ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಮಧುಗಿರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಕಂಬಳಿ ನೇಯುತ್ತಿದ್ದ ತಾತ ನೆನಪಾದ…

ಆಗಿನ್ನೂ ಮಹಾರಾಜರ ಆಳ್ವಿಕೆ. ಹೈಸ್ಕೂಲು ಮುಗಿಸಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ತಾತ, ಅವನ ಹೆಂಡತಿ ಅಜ್ಜಿ ಬೆಳಗ್ಗೆ ಬೀದಿಯುದ್ದಕ್ಕೂ ಉಣ್ಣೆಯ ನೂಲು ಬಿಗಿದು, ನೇಯುವ ಮೊದಲು ಅದು ಗಟ್ಟಿಯಾಗಲೆಂದು, ನೂಲಿನ ಆಚೆಗೊಬ್ಬರು ಈಚೆಗೊಬ್ಬರು ನಿಂತು, ಕುಂಚದಿಂದ ಗಂಜಿ ಸವರುತ್ತ ಸಾಗುತ್ತಿದ್ದರು. ಜಗಳವೂ ಅಲ್ಲೇ. ಆದರೆ ಅವರದೊಂದು ಕಟ್ಟಳೆ: ಹೋಗುವಾಗ ಒಬ್ಬರ ಮಾತು, ಕುಂಚ ಆ ತುದಿ ಮುಟ್ಟುವವರೆಗೆ ಇನ್ನೊಬ್ಬರು ತುಟಿ ಬಿಚ್ಚುವಂತಿಲ್ಲ. ಬರುವಾಗ ಆ ಇನ್ನೊಬ್ಬರ ಸರದಿ.

ನಾನು ನೋಡಿ ನಗುತ್ತಿದ್ದೆ. ನನ್ನ ಮನೆಯಲ್ಲಿ ಅಂಥ ಗದ್ದಲವಿರಲಿಲ್ಲ. ಹೆಂಡತಿ ಬಾಯಿ ತೆರೆದರೆ ಗದರುತ್ತಿದ್ದೆ. ಆಮೇಲೆ ಎಂಟು ಹತ್ತು ದಿನ ಮಾತು ಬಿಡುತ್ತಿದ್ದೆ. ಆಗ ಅವಳು ಏಳು ತಿಂಗಳ ಬಸುರಿ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮಾತು ಬಿಟ್ಟು ಆರು ದಿನವಾಗಿತ್ತು. ಅವಳ ಮುಖ ಬಿಳಿಚಿದ್ದನ್ನು ಕಂಡೂ ಕೇಳಲಿಲ್ಲ.

ಭಾನುವಾರ ತಾತ ಕೂಗಿದ. "ಗುಮಾಸ್ತ್ರೇ, ನಮ್ಮವ್ಳು ಕೊಡಿಗೇನಹಳ್ಳಿಗೆ ಹೋಗವ್ಳೆ. ಗಂಜಿ ಆರೋಯ್ತದೆ, ಕುಂಚ ಹಿಡ್ಕಳಿ. " ಆಮೇಲೆ ಬಾಗಿಲಲ್ಲಿದ್ದ ನನ್ನ ಹೆಂಡತಿಯತ್ತ ತಿರುಗಿದ. "ನೀನೂ ಬಾರವ್ವ, ನಿಧಾನಕ್ಕೆ ನಡಿ. ಮೊದ್ಲು ಮಾತು ನಿಂದು. ಅಯ್ನೋರು ಬಾಯಿ ಬುಟ್ರೆ ಗಂಜಿ ಕುಡಿಸ್ಬುಡ್ತೀನಿ!"

ಅರ್ಧ ದಾರಿ ಅವಳು ಗಂಜಿ ಸವರುತ್ತ ನಡೆದಳು. ಆಮೇಲೆ ಕಣ್ಣೆತ್ತದೆ ಹೇಳಿದಳು: "ಮೂರು ದಿನದಿಂದ ಕೂಸು ಮಿಸುಕ್ತಿಲ್ಲ…"

ಮೊದಲೇ ಬೊಗಳೋಕೇನಾಗಿತ್ತು ಎಂಬ ಮಾತು ನನ್ನ ಗಂಟಲಿಗೆ ಬಂತು. ತಾತ ನನ್ನನ್ನೇ ನೋಡುತ್ತಿದ್ದ. ನುಂಗಿಕೊಂಡೆ. ಕುಂಚದಿಂದ ಗಂಜಿ ನೆಲಕ್ಕೆ ತೊಟ್ಟಿಕ್ಕಿತು. ಆ ತುದಿಗೆ ಇನ್ನೂ ನಾಲ್ಕು ಹೆಜ್ಜೆಯಿತ್ತು.

"ನಂಗೆ ನಿಮ್ಮನ್ ಕಂಡ್ರೆ ಭಯ," ಎಂದಳು.

ನಡುವೆ ಬಾಯಿ ಹಾಕಿದ್ದರೆ ಆ ಮಾತು ಹೊರಬರುತ್ತಲೇ ಇರಲಿಲ್ಲ.

ಕೊಡಿಗೇನಹಳ್ಳಿಗೆ ಹೋಗಿದ್ದಳೆಂಬ ಅಜ್ಜಿ ತನ್ನ ಮನೆಯ ಬಾಗಿಲ ಹಿಂದಿನಿಂದಲೇ ಓಡಿ ಬಂದಳು. "ನಿಂತ್ಕಂಡು ಏನ್ ನೋಡ್ತೀಯಾ ಮುದುಕಾ, ಗಾಡಿ ಕಟ್ಟು!" ಆಸ್ಪತ್ರೆಗೆ ಹೋದೆವು. ಹೆಂಡತಿ ಉಳಿದಳು. ಕೂಸು ಉಳಿಯಲಿಲ್ಲ.

"ಮುಚ್ಚಿಟ್ಕಂಡು ಕೂಸು ಕಳ್ದ್ಲು," ಎಂದು ನನ್ನ ತಾಯಿ ನೆಂಟರೆದುರು ಹಳಿದಾಗ ಅವಳು ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿ ಕುಳಿತೆ. ಯಾರ ಭಯಕ್ಕೆ ಮುಚ್ಚಿಟ್ಟಳೆಂದು ಹೇಳಲಿಲ್ಲ.

ಮುಂದೆ ನಾವೂ ತಾತನ ಕಟ್ಟಳೆಯಲ್ಲೇ ಬಾಳಿದೆವು. ಅವಳ ಮಾತು ಮುಗಿಯುವವರೆಗೆ ಕಾಯುವುದನ್ನು ಕಲಿತೆ. ಎರಡು ಮಕ್ಕಳಾದವು. ಆದರೆ ನನ್ನ ಸರದಿ ಬಂದಾಗಲೆಲ್ಲ ಬೇರೇನೋ ಹೇಳಿದೆ… ಅದೊಂದನ್ನು ಬಿಟ್ಟು.

ತಾತ ಹೋದ, ಅಜ್ಜಿ ಹೋದಳು. ಹೋದ ವರ್ಷ ಇವಳೂ ಹೋದಳು. ಕಂಬಳಿಯ ಅಂಚು ಹಿಡಿದು ನಿನ್ನೆ ಗಟ್ಟಿಯಾಗಿಯೇ ಅಂದೆ: ತಪ್ಪು ನನ್ನದು ಕಣೇ. ಯಾರೂ ನಡುವೆ ಬಾಯಿ ಹಾಕಲಿಲ್ಲ.