ಓ ಎನ್ನುವ ಮೊದಲು

ಮೊನ್ನೆ ಸಂಜೆ ನಮ್ಮ ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ ಕರೆಂಟು ಹೋಗಿತ್ತು. ಕೆಳಗೆ ಕಾರು ನಿಲ್ಲಿಸುವ ಜಾಗದ ಕತ್ತಲಿನಿಂದ ಯಾರೋ ಹೆಂಗಸು ‘ಸರೋಜಾ’ ಎಂದು ಕೂಗಿದಳು. ಇಷ್ಟು ದೊಡ್ಡ ಕಟ್ಟಡದಲ್ಲಿ ಆ ಹಳೇ ಕಾಲದ ಹೆಸರಿನವಳು ನಾನೊಬ್ಬಳೇ ಎಂದುಕೊಂಡಿದ್ದೆ. ಬಾಯಿಗೆ ಬಂದ ‘ಓ’ ತುಟಿಯಲ್ಲೇ ನಿಂತಿತು. ಬಾಲ್ಕನಿಯ ಕಂಬಿ ಹಿಡಿದುಕೊಂಡು ಎರಡನೆಯ ಕೂಗಿಗೆ ಕಾದೆ, ಅದು ಬರಲಿಲ್ಲ. ಆಕೆಗೆ ಬೇಕಾದ ಸರೋಜಾ ಬೇರೆ ಯಾರೋ ಇದ್ದಿರಬೇಕು, ಸಿಕ್ಕಿರಬೇಕು. ನನ್ನ ಸೊಸೆ ಮೊಬೈಲಿನ ಬೆಳಕು ಹಿಡಿದು ಬಂದು, “ಏನತ್ತೆ, ದೆವ್ವ ಕರೀತಾ? ಈ ಏರಿಯಾ ಬಾಡಿಗೆ ಕಟ್ಟೋಕೆ ಯಾವ ದೆವ್ವಕ್ಕೂ ಆಗಲ್ಲ ಬಿಡಿ” ಎಂದು ನಕ್ಕಳು. ನಾನೂ ನಕ್ಕೆ. ಆದರೆ ದೀಪ ಬರುವವರೆಗೆ ಕಂಬಿ ಬಿಡಲಿಲ್ಲ.

ನಾನು ಹುಟ್ಟಿ ಬೆಳೆದ ಮನೆ ಜಯನಗರದ ತೀರಾ ಅಂಚಿನಲ್ಲಿತ್ತು. ಈಗ ಅಂಚು ಎಂದರೆ ನಿಮಗೆ ನಗು ಬರುತ್ತದೆ, ಈ ಊರಿಗೆ ಅಂಚೇ ಇಲ್ಲ. ಐವತ್ತರ ದಶಕದಲ್ಲಿ ನಮ್ಮ ಕಾಂಪೌಂಡು ಮುಗಿದಲ್ಲಿಗೆ ಬೆಂಗಳೂರೂ ಮುಗಿಯುತ್ತಿತ್ತು. ಆಚೆ ರಾಗಿ ಹೊಲ, ಬಂಡೆಗಳು, ಯಡಿಯೂರು ಕೆರೆಯ ಕಡೆ ಹೋಗುವ ಕಾಲುದಾರಿ. ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ನಮಗೆ ಎದುರಿಗೊಂದು, ಪಕ್ಕಕ್ಕೊಂದು ಬಿಟ್ಟರೆ ಮನೆಗಳು ಎದ್ದಿರಲಿಲ್ಲ. ಬೀದಿದೀಪದ ಕಂಬಗಳು ಬಂದಿದ್ದವು, ದೀಪ ಬಂದಿರಲಿಲ್ಲ. ಮನೆಯೊಳಗೆ ಕೆಂಪು ಗಾರೆಯ ತಣ್ಣನೆಯ ನೆಲ, ಅಜ್ಜಿ ಹಚ್ಚುವ ಎಳ್ಳೆಣ್ಣೆ ದೀಪದ ವಾಸನೆ, ಕಿಟಕಿಯಿಂದ ಬರುವ ಒದ್ದೆ ಹುಲ್ಲಿನ ವಾಸನೆ. ಈಗ ಅಲ್ಲಿ ನಾಲ್ಕಂತಸ್ತಿನ ಕಟ್ಟಡವಿದೆ, ಕೆಳಗೆ ಚಪ್ಪಲಿ ಅಂಗಡಿ. ಆ ಮನೆಯಲ್ಲಿ ಒಂದು ಸಂಜೆ ಹೊರಡಬೇಕಾಗಿದ್ದ ಒಂದು ‘ಓ’ ಹೊರಡಲಿಲ್ಲ. ಅದನ್ನು ತಾತ ಮನಸ್ಸಿನಲ್ಲಿ ಇಟ್ಟುಕೊಂಡರೋ ಬಿಟ್ಟರೋ ಎಂದು ತಿಳಿಯದೆ ನನ್ನ ಅಜ್ಜಿ ಬೆಂದುಹೋದಳು. ಹೇಳಬೇಕಾದ್ದು ಇಷ್ಟೇ, ಉಳಿದದ್ದೆಲ್ಲ ಅದರ ಸುತ್ತಲಿನದು.

ತಾತ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದು ನಿವೃತ್ತರಾದವರು. ಪಾಠ ಕೇಳುವ ಹುಡುಗರಿಲ್ಲದೆ ಅವರ ಬಾಯಿ ತುರಿಸುತ್ತಿತ್ತು, ಸಿಕ್ಕವಳು ನಾನು. ಸಂಜೆ ಮುಂಬಾಗಿಲ ಕಟ್ಟೆಯ ಮೇಲೆ ಕೂತು ಒಂದೊಂದು ಮಾತನ್ನು ಎತ್ತಿಕೊಂಡು ಕಡಲೆಕಾಯಿ ಸುಲಿದಂತೆ ಸುಲಿಯುತ್ತಿದ್ದರು. ಅವರಿಗೆ ತುಂಬ ಪ್ರಿಯವಾದದ್ದು ಎಲ್ಲಕ್ಕಿಂತ ಚಿಕ್ಕದು. “ಕರೆದ್ರೆ ಓ ಅಂತೀಯಲ್ಲ, ಏನದು ಓ?” ಎಂದು ಕೇಳುವರು. ನಾನು ಪೆಚ್ಚಾಗಿ ನೋಡಿದರೆ ಶುರು. ಹಳಗನ್ನಡದಲ್ಲಿ ಓ ಎಂದರೆ ಪ್ರೀತಿಸು, ಓಪ ಎಂದರೆ ಪ್ರಿಯ. ಓವು ಎಂದರೆ ಕಾಪಾಡು. ತಮಿಳರಲ್ಲಿ ಓಂಬು ಎಂದರೂ ಕಾಪಾಡುವುದೇ, ಅತಿಥಿಯನ್ನು ಆದರಿಸುವುದಕ್ಕೆ ಅವರು ವಿರುಂದೋಂಬಲ್ ಎನ್ನುತ್ತಾರೆ. ಎದುರು ಮನೆಯ ಮಲಯಾಳಿ ಟೀಚರು ಮಾತುಮಾತಿಗೆ ಓ ಓ ಎನ್ನುತ್ತಿದ್ದದ್ದು ಹೌದು ಹೌದು ಎಂದಂತೆ. ಪಕ್ಕದ ಮನೆಯ ಮರಾಠಿ ಅಮ್ಮ ಮಗನಿಗೆ “ಓ ಕಾ ದೇತ ನಾಹೀಸ್?”, ಓ ಯಾಕೆ ಕೊಡಲ್ಲ, ಎಂದು ಗದರುವುದು ಕೇಳಿಸಿದರೆ ತಾತ ತೊಡೆ ತಟ್ಟಿಕೊಳ್ಳುತ್ತಿದ್ದರು. “ನೋಡು, ಅವರೂ ಓ ಕೊಡ್ತಾರೆ, ನಾವೂ ಓಗೊಡ್ತೀವಿ. ಕೊಡೋ ವಸ್ತು ಅದು, ಸುಮ್ನೆ ಶಬ್ದ ಅಲ್ಲ.” ವೇದದಲ್ಲೂ ಓಂ ಎಂದರೆ ಮೊದಲು ಒಪ್ಪಿಗೆ, ಆಮೇಲೆ ಉಳಿದದ್ದು ಎನ್ನುವರು. ಇವೆಲ್ಲ ಒಂದೇ ಬೇರಿನದೋ ಬೇರೆ ಬೇರೆಯೋ ಎಂದು ಅಪ್ಪ ಕೇಳಿದರೆ ಮಾತ್ರ ಗೊಣಗುತ್ತಿದ್ದರು. ಬೇರು ಗೊತ್ತಿಲ್ಲದ ಗಿಡದ ನೆರಳಲ್ಲಿ ಕೂರಬಾರದು ಅಂತೇನಾದರೂ ಇದೆಯೇ ಎಂಬುದು ಅವರ ವಾದ.

ಅಜ್ಜಿಗೆ ಈ ಪಾಂಡಿತ್ಯ ಬೇಕಿರಲಿಲ್ಲ. ಚಾಮರಾಜಪೇಟೆಯ ವಠಾರದಲ್ಲಿ, ಗೋಡೆಯಾಚೆ ಕೆಮ್ಮಿದರೆ ಈಚೆ ಬಿಸಿನೀರು ಕಾಯಿಸುವ ಜನರ ನಡುವೆ ಇದ್ದವಳು ಅವಳು. ಇಲ್ಲಿಯ ನಿಶ್ಶಬ್ದ ಅವಳಿಗೆ ಹಿಡಿಸಲಿಲ್ಲ. ಕತ್ತಲಾಗುತ್ತಲೇ ಬಂಡೆಗಳ ಕಡೆಯಿಂದ ನರಿ ಊಳಿಡುವುದು, ಗಾಳಿ ಬಂದರೆ ಖಾಲಿ ಸೈಟುಗಳಲ್ಲಿ ಏನೋ ಸರಿದಾಡುವುದು. ಹಾಲು ತರುವ ಯಡಿಯೂರಿನ ಮುನಿಯಮ್ಮ ಆ ಭಯಕ್ಕೆ ಒಂದು ಕಟ್ಟಳೆಯನ್ನೂ ತಂದುಕೊಟ್ಟಳು. ನಮ್ಮ ಬೀದಿ ಇದ್ದ ಜಾಗ ಅವಳ ಮಾವನ ಹೊಲವಾಗಿತ್ತು. ಒಂದು ದಿನ ಹಾಲು ಅಳೆಯುತ್ತಾ ಅವಳು ತಲೆ ಎತ್ತದೆ ಹೇಳಿದಳು: “ದೀಪ ಹಚ್ಚಿದ್ಮ್ಯಾಕೆ ಹೊರಗಿಂದ ಯಾರಾನ ಕೂಗುದ್ರೆ ಓ ಅನ್ಬ್ಯಾಡಿ ಕಣಮ್ಮ. ಮೂರು ಕೂಗಾಗ್ಲಿ. ಅದು ಒಂದೇ ಸಲ ಕೂಗೋದು. ನಮ್ಮತ್ತೆ ಓ ಅಂದು ಎದ್ದೋದ್ಳು, ಬೆಳಗ್ಗೆ ಕೆರೇಲಿದ್ಲು.” ಅಂದಿನಿಂದ ನಮ್ಮ ಮನೆಯಲ್ಲಿ ಅದು ಶಾಸನವಾಯಿತು. ದೀಪ ಹಚ್ಚಿದ ಕೂಡಲೇ ಅಜ್ಜಿ ಗೇಟಿಗೆ ಬೀಗ ಹಾಕಿಸಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು.

ತೊಂದರೆಯಾದದ್ದು ತಾತನಿಗೆ. ಸಂಜೆ ಕೋಲು ಹಿಡಿದು ಕೆರೆಯ ಕಡೆ ಒಂದು ಸುತ್ತು ಹೋಗಿಬರುವುದು ಅವರ ರೂಢಿ, ಹಿಂತಿರುಗುವಾಗ ಗೇಟಿಗೆ ಬೀಗ. ಅವರು “ಕಮಲೂ” ಎಂದು ಒಂದೇ ಸಲ ಕೂಗುತ್ತಿದ್ದರು. ಅಜ್ಜಿ ಒಳಗೆ ಹೂಬತ್ತಿ ಹೊಸೆಯುತ್ತಾ ಮಿಸುಕುತ್ತಿರಲಿಲ್ಲ. ಅವರು ಎರಡನೆಯ ಸಲ ಕೂಗುತ್ತಿರಲಿಲ್ಲ. “ನಾನೇನು ಭಿಕ್ಷಕ್ಕೆ ಬಂದಿದೀನಾ, ಮೂರು ಸಲ ಕೂಗೋಕೆ? ಕಟ್ಕೊಂಡೋಳಿಗೆ ಗಂಡನ ದನಿ ಗೊತ್ತಾಗಲ್ವಾ?” ಎಂದು ಅವರ ಹಠ. “ಅದು ನಿಮ್ಮ ದನಿಯಲ್ಲೇ ಕೂಗಿದ್ರೆ ನಾನೇನ್ರೀ ಮಾಡ್ಲಿ?” ಎಂದು ಇವಳ ಹಠ. ಒಳಗೊಬ್ಬರು, ಹೊರಗೊಬ್ಬರು. ಕೊನೆಗೆ ತಾತ ಕೋಲಿನಿಂದ ಗೇಟನ್ನು ಕಟಕಟ ಬಡಿಯುವರು, ಅದು ಕೂಗಲ್ಲವಾದ್ದರಿಂದ ಅಜ್ಜಿಯ ಮಾನ ಉಳಿಯುವುದು, ಕೀಲಿಕೈ ನನ್ನ ಕೈಗೆ ಬರುವುದು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುವಳು. ದಿನವೂ ನಡೆಯುತ್ತಿದ್ದ ಆಟ ಅದು. ಬಹುಶಃ ಅವರಿಬ್ಬರಿಗೂ ಅದು ಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ.

ಆ ಸಂಜೆ ಮೋಡ ಕವಿದು ಬೇಗ ಕತ್ತಲಾಗಿತ್ತು. ಮಳೆ ಬೀಳುವ ಮೊದಲಿನ ಮಣ್ಣಿನ ವಾಸನೆ ಎದ್ದಿತ್ತು. ನರಿಗಳೂ ಸುಮ್ಮನಿದ್ದವು. ಗೇಟಿನಿಂದ “ಕಮಲೂ” ಎಂದು ತಾತ ಕೂಗಿದ್ದು ನಮಗೆಲ್ಲ ಕೇಳಿಸಿತು. ನಾನು ಎದ್ದೆ. ಅಜ್ಜಿ ನನ್ನ ಲಂಗ ಹಿಡಿದು ಕೂರಿಸಿ, ಕಣ್ಣಲ್ಲೇ ನಗುತ್ತಾ, “ಕೂತ್ಕೋ. ಇವತ್ತಾದ್ರೂ ಮೂರು ಸಲ ಕೂಗ್ಲಿ, ನೋಡೇಬಿಡೋಣ” ಎಂದಳು. ನಾವು ಕೋಲಿನ ಸದ್ದಿಗೆ ಕಾದೆವು. ಮೊದಲ ಹನಿಗಳು ಹೆಂಚಿನ ಮೇಲೆ ಬಿದ್ದವು. ಅಮ್ಮ ಬಾಗಿಲ ಕಡೆ ನೋಡಿ, “ಅತ್ತೆ, ಕೋಲಿನ ಸದ್ದೇ ಇಲ್ವಲ್ಲ” ಎಂದಳು. “ಹಠ ಕಣೆ. ನಂಗೊತ್ತಿಲ್ವಾ ಅವ್ರು?” ಎಂದ ಅಜ್ಜಿ ಇನ್ನೊಂದು ಬತ್ತಿ ಹೊಸೆದಳು. ಮಳೆ ಜೋರಾಯಿತು. ಆಮೇಲೆ ಆ ಮಳೆಯಲ್ಲಿ “ಅಮ್ಮಾ, ಅಮ್ಮಾ” ಎಂದು ಒಂದೇ ಸಮನೆ ಕೂಗಿದ್ದು ತಾತನಲ್ಲ, ಆಫೀಸಿನಿಂದ ಬಂದ ನಮ್ಮಪ್ಪ. ಗೇಟಿನ ಕಂಬಕ್ಕೆ ಒರಗಿ ತಾತ ಕೂತಿದ್ದರು. ಕೋಲು ಚರಂಡಿಯಲ್ಲಿತ್ತು. ಬಾಯಿ ಒಂದು ಕಡೆಗೆ ವಾಲಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು, “ಹೀಗಾಗಿ ಎಷ್ಟು ಹೊತ್ತಾಯ್ತಮ್ಮ?” ಎಂದು ಕೇಳಿದಾಗ ಅಜ್ಜಿ ಸೊಂಟದ ಕೀಲಿಕೈಯನ್ನು ಸೆರಗಿನಿಂದ ಮುಚ್ಚಿಕೊಂಡದ್ದನ್ನು ನಾನು ನೋಡಿದೆ.

ತಾತ ಬದುಕಿದರು. ಬಲಗೈ, ಬಲಗಾಲು ಹೋದವು. ಮಾತು ಹೋಯಿತು. ಅಷ್ಟು ಭಾಷೆಗಳ ಅಷ್ಟು ಪದಗಳನ್ನು ಬಲ್ಲ ಮನುಷ್ಯನ ಬಾಯಲ್ಲಿ ‘ಓ’ ಒಂದೇ ಉಳಿಯಿತು. ಹಸಿವಾದರೆ ಓ, ಸೆಕೆಯಾದರೆ ಓ, ಯಾರು ಬಂದು ಮಾತಾಡಿಸಿದರೂ ಓ. ದೇವರಿಗೆ ಕರುಣೆ ಇಲ್ಲ ಎಂದು ಅಮ್ಮ ಅತ್ತಳು, ನನಗೂ ಹಾಗೇ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಅಜ್ಜಿ ತಿನ್ನಿಸುವುದು, ಮೈ ಒರೆಸುವುದು ಎಲ್ಲವನ್ನೂ ತಾನೇ ಮಾಡಿದಳು, ಆದರೆ ತಲೆ ಎತ್ತಿ ಅವರ ಮುಖ ನೋಡುತ್ತಿರಲಿಲ್ಲ. ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ, “ತಾತಂಗೆ ನನ್ನ ಮೇಲೆ ಕೋಪಾನಾ ಕೇಳೇ” ಎನ್ನುವಳು. ನಾನು ಹೋಗಿ “ತಾತ, ಕೋಪಾನಾ?” ಎಂದರೆ, “ಓ.” “ಕೋಪ ಇಲ್ವಾ?” ಎಂದರೆ, “ಓ.” ನಾನು ಬಂದು “ಇಲ್ವಂತೆ” ಎನ್ನುವೆ. ಅವಳು ನಂಬುತ್ತಿರಲಿಲ್ಲ. ಮಾರನೆಯ ದಿನ ಮತ್ತೆ ಕಳಿಸುತ್ತಿದ್ದಳು.

ಗೇಟಿನ ಬೀಗವನ್ನು ಅವಳೇ ತೆಗೆದು ಬಾವಿಗೆ ಎಸೆದಳು. ಕತ್ತಲಾದರೂ ಗೇಟು ಹಾರು ಹೊಡೆದಿರುತ್ತಿತ್ತು. ಅಜ್ಜಿ ಈಗ ಎಲ್ಲದಕ್ಕೂ ಓ ಎನ್ನತೊಡಗಿದ್ದಳು. ದಾರಿಹೋಕರು ಯಾರನ್ನೋ ಕರೆದರೆ ಓ, ಗೂಬೆ ಕೂಗಿದರೆ ಓ, ಬಂಡೆಗಳ ಕಡೆ ನರಿ ಊಳಿಟ್ಟರೂ ಅವಳ ತುಟಿ ಅಲುಗುವುದು ದೀಪದ ಬೆಳಕಿನಲ್ಲಿ ಕಾಣುತ್ತಿತ್ತು. ನಾನು ಅಮ್ಮನ ಸೆರಗು ಬಿಡುತ್ತಿರಲಿಲ್ಲ. ಮುನಿಯಮ್ಮ ಒಂದು ದಿನ ಹಾಲಿನ ಪಾತ್ರೆ ಕೆಳಗಿಟ್ಟು, “ಅಮ್ಮಾ, ಹಂಗೆ ಎಲ್ಲಾದ್ಕೂ ಓ ಅನ್ಬ್ಯಾಡಿ. ಕರ್ಕಂಡೋಯ್ತದೆ” ಎಂದಳು. “ಕರ್ಕೊಂಡು ಹೋಗ್ಲಿ ಬಿಡು ಮುನಿಯಮ್ಮ. ಕರೆದಾಗ ಹೋಗದೆ ನಾನು ಕಂಡದ್ದು ಸಾಕು” ಎಂದಳು ಅಜ್ಜಿ. ಮುನಿಯಮ್ಮ ಆಮೇಲೆ ಸಂಜೆಯ ಹಾಲನ್ನು ಹೊತ್ತಿರುವಾಗಲೇ ತಂದು, ಗೇಟಿನಲ್ಲೇ ಕೊಟ್ಟು ಹೋಗುತ್ತಿದ್ದಳು.

ತಾತ ದೀಪ ಹಚ್ಚುವ ಹೊತ್ತಿಗೆ ಮುಂದಿನ ಕೋಣೆಯಿಂದ ಒಮ್ಮೆ “ಓ” ಎಂದು ಕೂಗುತ್ತಿದ್ದರು. ಅದು ಮರುದನಿಯಲ್ಲ, ಕರೆ. ಅಜ್ಜಿ ಕೈಯಲ್ಲಿದ್ದದ್ದನ್ನು ಹಾಗೇ ಬಿಟ್ಟು ಓಡುತ್ತಿದ್ದಳು. ಹಾಲು ಉಕ್ಕಿತು, ಒಗ್ಗರಣೆ ಸೀದುಹೋಯಿತು. ಅವಳು ಹೋಗಿ ಮಂಚದ ಪಕ್ಕ ನಿಂತರೆ ತಾತ ಸುಮ್ಮನೆ ನೋಡುತ್ತಿದ್ದರು, ಏನೂ ಬೇಕಾಗಿರುತ್ತಿರಲಿಲ್ಲ. ಹೊದಿಕೆ ಸರಿಮಾಡಿ ಅವಳು ಮರಳುವಳು. ಅವರು ರೇಗಿಸುತ್ತಿದ್ದಾರೋ, ಸೇಡು ತೀರಿಸಿಕೊಳ್ಳುತ್ತಿದ್ದಾರೋ, ಬರೀ ನೋಡಬೇಕೆನ್ನಿಸಿ ಕರೆಯುತ್ತಿದ್ದಾರೋ, ನಮಗೆ ತಿಳಿಯಲಿಲ್ಲ. ಅವಳಿಗೂ ತಿಳಿದಂತಿರಲಿಲ್ಲ.

ಕಾರ್ತಿಕದ ಒಂದು ಸಂಜೆ ಅಜ್ಜಿ ಅಡುಗೆಮನೆಯಲ್ಲಿ ಅನ್ನದ ಗಂಜಿ ಬಸಿಯುತ್ತಿದ್ದಳು. ಅಮ್ಮ ಅವಳ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದಳು, ನಾನು ಹೊಸಿಲ ಮೇಲೆ ಕೂತು ಮಗ್ಗಿ ಹೇಳಿಕೊಳ್ಳುತ್ತಿದ್ದೆ. ಅಜ್ಜಿ ಇದ್ದಕ್ಕಿದ್ದಂತೆ “ಓ, ಬಂದೆ” ಎಂದು ಪಾತ್ರೆ ಇಟ್ಟು, ಒದ್ದೆ ಕೈಯಲ್ಲೇ ಓಡಿದಳು. ನಾವು ಹಿಂದೆ ಹೋಗುವಷ್ಟರಲ್ಲಿ ಅವಳು ಮಂಚದ ಮೇಲೆ ಕೂತು ತಾತನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅವರ ಕಣ್ಣು ಅವಳ ಮುಖದಲ್ಲಿತ್ತು. ಅಷ್ಟು ದಿನಗಳಲ್ಲಿ ಮೊದಲ ಸಲ ಅವಳೂ ಅವರನ್ನು ನೇರವಾಗಿ ನೋಡುತ್ತಿದ್ದಳು. ಉಸಿರು ಒಂದೆರಡು ಸಲ ಬಂತು, ಆಮೇಲೆ ಬರಲಿಲ್ಲ.

ಮಾತಾಡಿಸಲು ಬಂದವರಿಗೆಲ್ಲ ಅಜ್ಜಿ ಒಂದೇ ಮಾತು ಹೇಳಿದಳು. ಬದುಕಿರುವವರೆಗೆ ಅದನ್ನೇ ಹೇಳಿದಳು, ಹೇಳುವಾಗ ಅವಳ ಮುಖ ತಿಳಿಯಾಗುತ್ತಿತ್ತು: “ಕರೆದ್ರು, ಒಂದೇ ಕೂಗಿಗೆ ಹೋದೆ ಕಣ್ರೀ. ಒಂದೇ ಕೂಗಿಗೆ.” ಅಮ್ಮ ನನ್ನ ಕೈ ಅದುಮುತ್ತಿದ್ದಳು. ಆ ಸಂಜೆ ಮುಂದಿನ ಕೋಣೆಯಿಂದ ಯಾವ ಕೂಗೂ ನಮಗೆ ಕೇಳಿಸಿರಲಿಲ್ಲ. ಅದನ್ನು ನಾವಿಬ್ಬರೂ ಅವಳಿಗೆ ಕೊನೆಯವರೆಗೆ ಹೇಳಲಿಲ್ಲ.