ಮಾತು ಕಡಿಯದೆ ಬೋರ್ಡು ಬದಲಿಸಿದ್ದು

ವಿರಾಜಪೇಟೆಯ ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್ ದಮಯಂತಿಗೆ ಬಾಯಿ ಜೋರು ಎಂದು ಸುತ್ತಲಿನ ತೋಟದವರೆಲ್ಲ ದೂರುತ್ತಿದ್ದರು. ದೂರಲಿ. ಮಂಡಿಯವರು, ತೋಟದ ಲೆಕ್ಕ ಬರೆಯುವ ರೈಟರುಗಳು, ವಕೀಲರು, ಎಲ್ಲರೂ ತಮ್ಮ ಕರೆಯೇ ಮೊದಲು ಹೋಗಬೇಕೆಂದು ತಲೆ ತಿನ್ನುವಾಗ ಮೆತ್ತಗಿದ್ದವರು ಆ ಕುರ್ಚಿಯಲ್ಲಿ ಒಂದು ದಿನವೂ ಬಾಳಲಾರರು. ಆದರೆ ಯಾರದೇ ಕರೆಯ ಪ್ಲಗ್ಗನ್ನು ಅವಳು ಕಿವಿಗೊಡದೆ ಕಿತ್ತದ್ದಿಲ್ಲ. “ಆಯ್ತಾ?” ಎಂದು ಕೇಳಿ, ಮಾತು ಮುಗಿದಿದ್ದರೆ ಮಾತ್ರ ಕೈ ಹಾಕುತ್ತಿದ್ದಳು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಒಂದು ಮಳೆಗಾಲ ಎಕ್ಸ್‌ಚೇಂಜಿಗೆ ಕರೆ ಕೂಡಿಸುವ ದೊಡ್ಡದೊಂದು ಹೊಸ ಬೋರ್ಡು ಬಂತು. ಮೆಕ್ಯಾನಿಕ್ ಪೂವಯ್ಯ ಅದನ್ನು ಹಳೆಯದರ ಪಕ್ಕದಲ್ಲೇ ನಿಲ್ಲಿಸಿ, ಪ್ರತಿ ಲೈನನ್ನೂ ಎರಡೂ ಬೋರ್ಡಿಗೆ ಕೂಡಿಸಿಟ್ಟ. ಬದಲಿಸುವ ದಿನ ಹಳೆಯದರಲ್ಲಿ ಮಾತು ಮುಗಿದ ಹಾಗೆಲ್ಲ ಹೊಸ ಕರೆಗಳನ್ನು ಹೊಸದರಲ್ಲಿ ಕೊಡುತ್ತ ಬಂದರು. ಮಧ್ಯಾಹ್ನದ ಹೊತ್ತಿಗೆ ಹಳೇ ಬೋರ್ಡಿನಲ್ಲಿ ಒಂದೇ ಕರೆ ಉಳಿಯಿತು.

ಬಿಟ್ಟಂಗಾಲದ ತೋಟವೊಂದರ ರೈಟರ್ ದೇರಪ್ಪ ಪೇಟೆಯ ಡಾಕ್ಟರೊಂದಿಗೆ ಮಾತಾಡುತ್ತಿದ್ದ. ತೋಟದಲ್ಲಿ ಕೂಲಿ ಮಾಡುವ ಮುದ್ದಿ ಎಂಬವಳಿಗೆ ಹೆರಿಗೆಯಾಗಿ ರಕ್ತ ನಿಂತಿರಲಿಲ್ಲ. ದಾರಿಗೆ ಅಡ್ಡ ಮರ ಬಿದ್ದು ಡಾಕ್ಟರ ಜೀಪು ಹೋಗುವಂತಿರಲಿಲ್ಲ. ಡಾಕ್ಟರು ಹೇಳಿದ್ದನ್ನು ದೇರಪ್ಪ ಆಫೀಸಿನ ಕಿಟಕಿಯಿಂದ ಕೂಗಿ ಹೇಳುತ್ತಿದ್ದ. ಜಗಲಿಯಲ್ಲಿ ಸೂಲಗಿತ್ತಿ ಸಿದ್ದಮ್ಮ ಮುದ್ದಿಯ ಹೊಟ್ಟೆಯನ್ನು ಹಾಗೆಯೇ ಒತ್ತುತ್ತಿದ್ದಳು. ಮಾತು ಮುಗಿಯಿತೇ ಎಂದು ಆಗಾಗ ಕಿವಿಗೊಟ್ಟಾಗ ಇಷ್ಟೆಲ್ಲ ದಮಯಂತಿಯ ಕಿವಿಗೆ ಬಿದ್ದಿತ್ತು.

ಹಳೇ ಬೋರ್ಡಿನ ಬ್ಯಾಟರಿ ಸೋಲುತ್ತಿತ್ತು. ಡಾಕ್ಟರ ದನಿ ಸಣ್ಣಗಾಗುತ್ತ ಬಂತು. ಒಮ್ಮೆ ಕಡಿದು ಹೊಸದರಲ್ಲಿ ಮತ್ತೆ ಕೊಟ್ಟರಾಯಿತು ಎಂದ ಪೂವಯ್ಯ. ದಮಯಂತಿ ಒಪ್ಪಲಿಲ್ಲ. ಹಿಂದೊಮ್ಮೆ ಹೀಗೇ ಮಾತು ಕಡಿದಾಗ, ಡಾಕ್ಟರು ಹೊರಟೇಬಿಟ್ಟರೆಂದು ತಿಳಿದ ದೇರಪ್ಪ ಗೇಟಿಗೆ ಓಡಿ ಅಲ್ಲೇ ಕಾದು ನಿಂತಿದ್ದ. ಇತ್ತ ಆಫೀಸಿನಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು.

“ಕಡಿಯುದು ಬೇಡ ಪೂವಯ್ಯಣ್ಣ. ಅವ ಫೋನು ಬಿಟ್ಟು ಓಡಿದ್ರೆ ಆ ಹೆಂಗ್ಸು ಉಳಿಯುದಿಲ್ಲ.”

ಪೂವಯ್ಯ ತಲೆ ಕೆರೆದುಕೊಂಡ. ಲೈನು ಎರಡೂ ಕಡೆ ಇದೆಯಲ್ಲ, ಮೊದಲು ಹೊಸದರಲ್ಲಿ ಕೂಡಿಸು, ಹಳೆಯದನ್ನು ಆಮೇಲೆ ಕಿತ್ತರಾಯಿತು ಎಂದ.

ದಮಯಂತಿ ಹೊಸ ಬೋರ್ಡಿನಲ್ಲಿ ವೈರಿನ ಒಂದು ತುದಿಯ ಪ್ಲಗ್ಗನ್ನು ಡಾಕ್ಟರ ಲೈನಿನ ತೂತಿಗೂ ಇನ್ನೊಂದನ್ನು ಕೆಳಗಿನ ಮೂಲೆಯ ತೂತಿಗೂ ಚುಚ್ಚಿದಳು. ಪೂವಯ್ಯ ಹಳೇ ಪ್ಲಗ್ಗಿಗೆ ಕೈ ಹಾಕಿದ. ಅವಳು ಅವನ ಕೈ ಹಿಡಿದು ತಡೆದು, ಹೊಸ ವೈರಿಗೆ ಕಿವಿಗೊಟ್ಟಳು. ಡಾಕ್ಟರ ಮಾತಿನ ನಡುವೆ ಮೆಣಸಿನ ಮಂಡಿಯ ಸಾಹುಕಾರರು ಮಂಗಳೂರು ಕೊಡಮ್ಮ ಎಂದು ಕೂಗುತ್ತಿದ್ದರು. ಕೆಳಗಿನ ಮೂಲೆ ಬಿಟ್ಟಂಗಾಲದ್ದಾಗಿದ್ದುದು ಹಳೇ ಬೋರ್ಡಿನಲ್ಲಿ. ಹೊಸದರಲ್ಲಿ ಅದು ಮಂಡಿಯದು. ಕೈ ತನ್ನ ಹಳೇ ಚಾಳಿಯಂತೆ ಅಲ್ಲಿಗೇ ಹೋಗಿತ್ತು. ಆಗಲೇ ಹಳೆಯದನ್ನು ಕಿತ್ತಿದ್ದರೆ ಮುದ್ದಿಯ ಗತಿ ಏನು? ಪ್ಲಗ್ಗನ್ನು ಸರಿಯಾದ ತೂತಿಗೆ ಹಾಕಿ ಮತ್ತೆ ಕೇಳಿದಳು. ಈಗ ಲೈನಿನಲ್ಲಿದ್ದವರು ಡಾಕ್ಟರು, ದೇರಪ್ಪ ಇಬ್ಬರೇ. ತಲೆಯಾಡಿಸಿದಳು. ಪೂವಯ್ಯ ಹಳೆಯದನ್ನು ಕಿತ್ತ. ಡಾಕ್ಟರ ದನಿ ಒಂದಕ್ಷರವೂ ತಪ್ಪದೆ ಮುಂದುವರಿಯಿತು.

ಅಲ್ಲಿಗೆ ಅವಳು ಕಿವಿ ತೆಗೆಯಬೇಕಿತ್ತು. ಬೇರೆಯವರ ಮಾತು ಕೇಳಬಾರದು ಎನ್ನುವುದು ಆ ಕೆಲಸದ ಮೊದಲ ಪಾಠ; ಕೇಳುತ್ತ ಕೂತರೆ ಆಪರೇಟರಳ ಉಸಿರೂ ಲೈನಿನಲ್ಲಿ ಕೇಳಿಸುತ್ತದೆ. ರಕ್ತ ನಿಂತಿತು ಎಂದು ದೇರಪ್ಪ ಕೂಗುವವರೆಗೂ ಅವಳು ತೆಗೆಯಲಿಲ್ಲ.

ಮಳೆ ಬಿಟ್ಟ ಮೇಲೆ ದೇರಪ್ಪ ಎಕ್ಸ್‌ಚೇಂಜಿಗೆ ಜಗಳಕ್ಕೇ ಬಂದ. ಮುದ್ದಿ ಎದ್ದು ಓಡಾಡುತ್ತಿದ್ದಾಳೆ, ಮಗುವೂ ಚೆನ್ನಾಗಿದೆ, ಅದೆಲ್ಲ ಸರಿ. ಆದರೆ ರೈಟರು ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತ ಎಂದು ಡಾಕ್ಟರು ಪೇಟೆಯಿಡೀ ಹೇಳಿಕೊಂಡು ನಗುತ್ತಿದ್ದಾರಂತೆ. ಅತ್ತದ್ದು ತಾನಲ್ಲ, ಯಾರೆಂದು ಈಗಲೇ ಗೊತ್ತಾಗಬೇಕು ಎಂದ. ಹೊಸ ಬೋರ್ಡು ಹಾಗೆಲ್ಲ ಸದ್ದು ಮಾಡುತ್ತದೆ ಎಂದು ಪೂವಯ್ಯ ಶುರು ಮಾಡಿದ.

“ಬೋರ್ಡಲ್ಲ, ನಾನು,” ಎಂದಳು ದಮಯಂತಿ.

ದೇರಪ್ಪ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಡಾಕ್ಟರಿಗೆ ಹೇಳ್ಬೇಡಿ,” ಎಂದ. “ಅರ್ಧ ನಾನೇ ಅತ್ತದ್ದು.”