ಕಣ್ಣಲ್ಲಿ ಕಣ್ಣಿಡದ ನಟಿ

ನನಗೆ ಒಂಬತ್ತು ವರ್ಷವಾಗಿದ್ದಾಗ ವಿಜಯವಾಡದ ಶಾಲೆಯೊಂದು ನನ್ನನ್ನು ಬಿಡಿಸಿಕೊಂಡು ಹೋಗಿ ಎಂದು ಅಪ್ಪನಿಗೆ ಹೇಳಿತು. ಅಪ್ಪ ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ. ಊರಿನ ಭವಾನಿಪುರಂ ಬಡಾವಣೆಯಲ್ಲಿ ಬಾಡಿಗೆ ಮನೆ. ಯಾರು ಏನು ಕೇಳಿದರೂ ನಾನು ಆ ಪ್ರಶ್ನೆಯನ್ನೇ ತಿರುಗಿ ಹೇಳುತ್ತಿದ್ದೆ. ಹೆಡ್‌ಮಿಸ್ಟ್ರೆಸ್ ನನ್ನ ಎದುರೇ, "ಈ ಮಗುವಿಗೆ ಬುದ್ಧಿ ಬೆಳೆದಿಲ್ಲ ಸಾರ್" ಎಂದರು. "ಬುದ್ಧಿ ಬೆಳೆದಿಲ್ಲ ಸಾರ್" ಎಂದು ನಾನೂ ಅವರದೇ ತೆಲುಗಿನಲ್ಲಿ, ಅವರದೇ ಕೆಮ್ಮಿನ ಸಮೇತ ಹೇಳಿದೆ. ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಅಂದಿನಿಂದ ಅವ್ವನೇ ಮನೆಯಲ್ಲಿ ಪಾಠ ಹೇಳಿದಳು.

ಅಪ್ಪನಿಗೆ ವಿಶಾಖಪಟ್ಟಣಕ್ಕೆ ವರ್ಗವಾದಾಗ ನನಗೆ ಹದಿನಾರು. ಊರಾಚೆ ದುವ್ವಾಡದ ಹತ್ತಿರದ ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ ಕನ್ನಡದವರು ವರ್ಷಕ್ಕೊಂದು ನಾಟಕ ಆಡುತ್ತಿದ್ದರು. ತಾಲೀಮಿನಲ್ಲಿ ಮಾತು ಮರೆತವರಿಗೆ ಹೇಳಿಕೊಡುವ ಕೆಲಸ ಅವ್ವನದು. ನಾನು ಅವಳ ಪಕ್ಕ ಗೋಡೆಗೆ ಒರಗಿ ಕೂತಿರುತ್ತಿದ್ದೆ. ಸೊಸೆಯ ಪಾತ್ರದಾಕೆ ಹೆರಿಗೆಗೆಂದು ತವರಿಗೆ ಹೊರಟುಹೋದಾಗ ಎಲ್ಲರೂ ಕಂಗಾಲಾದರು.

"ನನ್ನ ಮಗಳು ಮಾಡ್ತಾಳ್ರಿ" ಎಂದಳು ಅವ್ವ.

ನಿರ್ದೇಶಕರು ಮೈಸೂರು ಕಡೆಯ ಇಂಜಿನಿಯರ್. "ಮೇಡಂ, ಅವಳು ಮಾತೇ ಆಡಲ್ವಲ್ಲ?"

"ಒಮ್ಮೆ ಕೇಳಿ ನೋಡ್ರಿ."

ನಾನು ಎದ್ದು ಮೊದಲ ಅಂಕ ಪೂರ್ತಿ ಹೇಳಿದೆ, ಸೊಸೆಯದಷ್ಟೇ ಅಲ್ಲ, ಎಲ್ಲರದೂ. ಪಾತ್ರ ಸಿಕ್ಕಿತು. ಆದರೆ ನಿರ್ದೇಶಕರದು ದಿನಾ ಒಂದೇ ಮಾತು: "ಗಂಡನ ಕಣ್ಣಲ್ಲಿ ಕಣ್ಣಿಟ್ಟು ಹೇಳಮ್ಮ." ಹಾಗೆ ನೋಡಿದ ಕೂಡಲೇ ನನ್ನ ತಲೆಯಲ್ಲಿದ್ದ ಮಾತೆಲ್ಲ ಅಳಿಸಿಹೋಗುತ್ತಿತ್ತು. ಮೂರನೇ ದಿನ ಹೇಳಿಬಿಟ್ಟೆ: "ಕಣ್ಣು ನೋಡಿದ್ರ ಮಾತು ಹೋಗ್ತಾವ ಸರ್. ಮಾತು ಬೇಕಂದ್ರ ಹುಬ್ಬು ನೋಡ್ತೀನಿ."

ಅವರು ಸಿಟ್ಟಾಗಲಿಲ್ಲ. ಕೊನೆಯ ಸಾಲಿಗೆ ಹೋಗಿ ಕೂತು, ದೃಶ್ಯ ಮುಗಿಯುವವರೆಗೂ ನೋಡಿ, ಅಲ್ಲಿಂದಲೇ ಕೂಗಿದರು: "ಹುಬ್ಬೇ ನೋಡು! ಇಲ್ಲಿಂದ ವ್ಯತ್ಯಾಸವೇ ಗೊತ್ತಾಗಲ್ಲ!"

ಪ್ರದರ್ಶನದ ದಿನ ಚಪ್ಪಾಳೆಗೆ ಎರಡೂ ಕಿವಿ ಮುಚ್ಚಿಕೊಂಡೇ ತಲೆಬಾಗಿದೆ. ನಟಿಯಾಗಬೇಕೆಂದು ಅಂದೇ ನಿಶ್ಚಯಿಸಿದೆ. ತೆಲುಗು ನಾಟಕ ತಂಡಗಳಲ್ಲಿ ಕೆಲಸ ಕೇಳಿಕೊಂಡು ಹೋದೆ. ಇಲ್ಲ ಎಂದವರೇ ಹೆಚ್ಚು.

ಮದರಾಸಿನ ವೈದ್ಯರೊಬ್ಬರು ನನಗಿರುವುದು ಆಟಿಸಂ ಎಂದಾಗ ನನಗೆ ಇಪ್ಪತ್ತೆರಡು. ಅವ್ವ ಅತ್ತಳು. ನನಗೆ ಮಾತ್ರ ಹಗುರವಾಯಿತು. ಇಷ್ಟು ವರ್ಷ ನನಗೆ ಅಂಟಿಸಿದ್ದ ಹೆಸರುಗಳೆಲ್ಲ ತಪ್ಪು ಎಂದಾಯಿತಲ್ಲ.

ಕೆಳಗಿನ ಮನೆಯ ತೆಲುಗು ಹೆಂಗಸಿಗೆ ಆರು ವರ್ಷದ ಮಗಳಿದ್ದಳು. ಯಾವ ಶಾಲೆಯೂ ಸೇರಿಸಿಕೊಂಡಿರಲಿಲ್ಲ. "ಇವಳೂ ನಿನ್ನ ಹಾಗೇ ಅಲ್ವೇನಮ್ಮಾ?" ಎಂದು ಆಕೆ ಕೇಳಿದಾಗ ಬರೀ ಸಮಾಧಾನ ಹೇಳಿ ಬರಲು ನನಗೆ ಮನಸ್ಸಾಗಲಿಲ್ಲ. ಮದುವೆ ವಿಡಿಯೊ ತೆಗೆಯುವವರೊಬ್ಬರ ಕ್ಯಾಮೆರಾ ಭಾನುವಾರಗಳಲ್ಲಿ ಎರವಲು ತಂದೆ. ಬಸ್ ನಿಲ್ದಾಣದಲ್ಲಿ ಬಂದುಹೋಗುವ ಬಸ್ಸುಗಳ ಬೋರ್ಡುಗಳನ್ನೆಲ್ಲ ಆ ಹುಡುಗಿ ಓದುವುದನ್ನು ಚಿತ್ರಿಸಿದೆ. ಅವಳಿಗೆ ಓದಲು ಯಾರೂ ಕಲಿಸಿರಲಿಲ್ಲ. ಹನ್ನೊಂದು ನಿಮಿಷದ ಚಿತ್ರವಾಯಿತು.

ಹತ್ತಿರದ ಶಾಲೆಯ ಪ್ರಿನ್ಸಿಪಾಲರ ಕೋಣೆಯಲ್ಲಿ ಅದನ್ನು ತೋರಿಸಿದೆ. "ಪಿಕ್ಚರ್ ಚೆನ್ನಾಗಿದೆಯಮ್ಮಾ" ಎಂದರು.

"ಹೊಗಳಿದ್ದು ಸಾಕು ಸಾರ್. ಅಡ್ಮಿಷನ್ ಫಾರಂ ಕೊಡಿ" ಎಂದೆ, ಅವರ ಹುಬ್ಬು ನೋಡುತ್ತಾ.

ಮೂರು ತಿಂಗಳು ನೋಡೋಣ ಎಂದು ಹುಡುಗಿಯನ್ನು ಸೇರಿಸಿಕೊಂಡರು. ಮೂರು ತಿಂಗಳಾದ ಮೇಲೆ ಯಾರೂ ಆ ಮಾತೆತ್ತಲಿಲ್ಲ. ಮರುವರ್ಷ ಅವಳು ಎರಡನೇ ಕ್ಲಾಸಿಗೆ ಹೋದಳು. ನಾನು ಆ ಚಿತ್ರದ ಟೇಪನ್ನು ಚೀಲದಲ್ಲಿಟ್ಟುಕೊಂಡು, ಅವಳಂಥ ಬೇರೆ ಮಕ್ಕಳಿಗಾಗಿ ಬೇರೆ ಶಾಲೆಗಳ ಮೆಟ್ಟಿಲು ಹತ್ತಿದೆ. ಕೆಲವರು ಅರ್ಧಕ್ಕೇ ಟಿ.ವಿ. ಆರಿಸಿ ಚಹಾ ತರಿಸುತ್ತಿದ್ದರು. ನಾನು ಚಹಾ ಮುಟ್ಟುತ್ತಿರಲಿಲ್ಲ. "ನಿಲ್ಲಿಸಿದಲ್ಲಿಂದ ಮತ್ತೆ ಹಾಕಿ" ಎನ್ನುತ್ತಿದ್ದೆ.